ಹದಿಹರೆಯದ ಮಕ್ಕಳನ್ನು ಮನೋವೈದ್ಯಕೀಯ ವಾರ್ಡಿಗೆ ಸೇರಿಸುವಾಗ: ಜೊತೆಗೆ ಉಳಿಯುವವರು ತಿಳಿದಿರಬೇಕಾದದ್ದು

"ಅಡ್ಮಿಟ್ ಮಾಡೋಣ" ಅಂತ ಮನೋವೈದ್ಯರು ಹೇಳಿದ ತಕ್ಷಣ ಅಪ್ಪ ಅಮ್ಮ ಕೇಳುವುದು ಎರಡೇ ಪ್ರಶ್ನೆ. ಎಷ್ಟು ದಿನ ಆಗುತ್ತೆ, ಎಷ್ಟು ಖರ್ಚಾಗುತ್ತೆ. ಎರಡೂ ಮುಖ್ಯವೇ. ಆದರೆ ಮನೆಯಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಬೇರೆ: ವಾರ್ಡಿನಲ್ಲಿ ಮಗುವಿನ ಜೊತೆ ಯಾರು ಉಳಿಯುತ್ತಾರೆ?

ನಮ್ಮ ದೇಶದಲ್ಲಿ 18 ತುಂಬದವರನ್ನು ಮಾನಸಿಕ ಚಿಕಿತ್ಸೆಗೆ ಒಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017ರ 87ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಪೋಷಕರು, ಇಲ್ಲವೇ ಪೋಷಕರು ಗೊತ್ತುಮಾಡಿದ ಒಬ್ಬರು, ಸೇರಿಸಿದ ದಿನದಿಂದ ಡಿಸ್ಚಾರ್ಜ್ ಆಗುವವರೆಗೂ ಜೊತೆಗೇ ಇರಬೇಕು. ಹುಡುಗಿಯಾಗಿದ್ದು ಪೋಷಕರಾಗಿ ಸಹಿ ಹಾಕುವವರು ಅಪ್ಪನಾಗಿದ್ದರೆ, ಜೊತೆಗೆ ಉಳಿಯಲು ಒಬ್ಬ ಹೆಂಗಸು ಬೇಕೇ ಬೇಕು. ಹಾಗಾಗಿ ರಜೆ, ಮನೆಯಲ್ಲಿರುವ ಚಿಕ್ಕ ಮಗು, ಹಸು ಕರು, ಅಂಗಡಿ, ಎಲ್ಲದಕ್ಕೂ ಬೇರೆಯವರನ್ನು ನೋಡಿಕೊಂಡೇ ಹೊರಡಬೇಕು. ಇದು ಕಾನೂನು ಬಂದ ಮೇಲೆ ಹುಟ್ಟಿದ ಪದ್ಧತಿಯೇನಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದಲ್ಲೇ ಟೆಂಟ್ ಹಾಕಿ ಉಳಿಸಿಕೊಳ್ಳುತ್ತಿದ್ದರು. ಮನೆಯವರು ಜೊತೆಗಿದ್ದರೆ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದು ಅವರ ಅನುಭವವಾಗಿತ್ತು.

ನಾನು ಅಕ್ಕನ ಮಗಳ ಜೊತೆ ಹೀಗೆ ಉಳಿದವಳು. ಅವಳು ಆಗ ಪಿಯುಸಿ ಓದುತ್ತಿದ್ದಳು. ಡಾಕ್ಟರ ಸಲಹೆಯ ಬದಲಿಗೆ ಇದನ್ನು ಓದಬೇಡಿ, ಅದರ ಜೊತೆಗೆ ಓದಿ.

ಅಡ್ಮಿಷನ್ ಬೇಕಾ, ಬೇಡವಾ

ಹೆಚ್ಚಿನ ಮಕ್ಕಳಿಗೆ ಬೇಕಾಗುವುದೇ ಇಲ್ಲ. ಓಪಿಡಿಯಲ್ಲಿ ತೋರಿಸಿ, ಕೌನ್ಸೆಲಿಂಗ್ ಮಾಡಿಸಿ, ಬೇಕಿದ್ದರೆ ಮಾತ್ರೆ ಕೊಟ್ಟು ಮನೆಯಲ್ಲೇ ಸುಧಾರಿಸುತ್ತಾರೆ. ಸಾಯುವ ಮಾತು ಪದೇ ಪದೇ ಬರುತ್ತಿದ್ದರೆ ಅಥವಾ ಒಮ್ಮೆ ಪ್ರಯತ್ನ ಆಗಿಹೋಗಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ಬಾಗಿಲು ಹಾಕಿಕೊಂಡು ಕೂತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಒಂದೇ ಸಮನೆ ಮಾತಾಡುತ್ತಾ ಓಡಾಡುತ್ತಿದ್ದರೆ, ಊಟ ಬಿಟ್ಟು ಮೈ ಇಳಿದು ನಾಡಿ ನಿಧಾನವಾಗುವಷ್ಟಾಗಿದ್ದರೆ, ಕೈ ತೊಳೆಯುವುದರಲ್ಲೇ ಇಡೀ ದಿನ ಕಳೆದು ಹೋಗುತ್ತಿದ್ದರೆ, ಆಗ ಡಾಕ್ಟರು ವಾರ್ಡ್ ಎನ್ನುತ್ತಾರೆ.

ಮಾತು ಕೇಳಲ್ಲ, ಮೊಬೈಲ್ ಬಿಡಲ್ಲ, ಓದಲ್ಲ, ಯಾವನನ್ನೋ ಲವ್ ಮಾಡ್ತಿದ್ದಾಳೆ. ಬರೀ ಇಷ್ಟಕ್ಕೇ ಅಡ್ಮಿಟ್ ಮಾಡಿ ಅಂದರೆ ಒಳ್ಳೆಯ ಆಸ್ಪತ್ರೆ ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳಲೂಬಾರದು. ಇಬ್ಬರು ತಜ್ಞರು, ಅವರಲ್ಲಿ ಒಬ್ಬರಾದರೂ ಮನೋವೈದ್ಯರು, ಮಗುವನ್ನು ಬೇರೆ ಬೇರೆಯಾಗಿ ನೋಡಿ, ಕಾಯಿಲೆ ಅಷ್ಟು ತೀವ್ರವಾಗಿದೆ, ಹೊರಗಡೆ ಇಟ್ಟುಕೊಂಡು ಆಗುವ ಚಿಕಿತ್ಸೆ ಸಾಲದು ಎಂದು ಇಬ್ಬರೂ ಹೇಳಿದರೆ ಮಾತ್ರ ಸೇರಿಸಿಕೊಳ್ಳಬಹುದು. ಈ ಪರೀಕ್ಷೆ ಸೇರಿಸುವ ದಿನ ಅಥವಾ ಅದಕ್ಕೆ ಹಿಂದಿನ ಏಳು ದಿನಗಳೊಳಗೆ ಆಗಿರಬೇಕು. ಮಗುವಿಗೆ ಏನನ್ನಿಸುತ್ತದೆ ಎಂಬುದನ್ನೂ ಅವರು ಕೇಳಬೇಕು. ಮೊಬೈಲ್, ಗೇಮ್ ಗೀಳಿಗೆ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತಲೇ ಒಂದಿದೆ, ಅಂಥದ್ದಕ್ಕೆ ಅಲ್ಲಿಂದ ಶುರು ಮಾಡಿ.

ಎಲ್ಲಿಗೆ ಹೋಗೋದು

ಎಲ್ಲರೂ ನೇರ ಬೆಂಗಳೂರು ಬಸ್ ಹತ್ತಬೇಕಿಲ್ಲ. 14416ಕ್ಕೆ ಫೋನ್ ಮಾಡಿ, ಅದು ಟೆಲಿ-ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ರಾತ್ರಿ ಹಗಲು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ತೋರಿಸಬಹುದು ಅಂತಲೂ ಹೇಳುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮೂರಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಳ್ಳಿ, ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತೆ. ಅಲ್ಲಿಂದ ಮುಂದೆ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜ್ ಆಸ್ಪತ್ರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮೈಸೂರು, ಮಂಗಳೂರು, ಮಣಿಪಾಲದ ಕಾಲೇಜ್ ಆಸ್ಪತ್ರೆಗಳಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಬೇರೆಯದೇ ವಿಭಾಗ, ಬೇರೆಯದೇ ವಾರ್ಡ್ ಇದೆ. ಆದರೆ ಬೆಡ್ ಖಾಲಿ ಇರಬೇಕಲ್ಲ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಓಪಿಡಿ ಸಾಲಿನಲ್ಲಿ ನಿಲ್ಲಬೇಡಿ, ಯಾವ ಹೊತ್ತಾದರೂ ಎಮರ್ಜೆನ್ಸಿಗೇ ಹೋಗಿ. ವಿಷ ಕುಡಿದಿದ್ದರೆ, ಮಾತ್ರೆ ಜಾಸ್ತಿ ನುಂಗಿದ್ದರೆ ಮೊದಲು ಹತ್ತಿರದ ಸಾಮಾನ್ಯ ಆಸ್ಪತ್ರೆ, ಮನೋವೈದ್ಯರು ಆಮೇಲೆ. ಅಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ, ಮಾಡುತ್ತಾರೆ, ಪೊಲೀಸರು ಬಂದು ಹೇಳಿಕೆ ಕೇಳಬಹುದು. ಹೆದರಿ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾಯ್ದೆ ನೋಡುತ್ತದೆ, ಶಿಕ್ಷೆ ಕೊಡಲು ನೋಡುವುದಿಲ್ಲ.

ಎಚ್ಚರ ಇರಬೇಕಾದದ್ದು ಇನ್ನೊಂದು ಬಗೆಯ ಜಾಗದ ಬಗ್ಗೆ. ರಿಹ್ಯಾಬ್, ಡಿ-ಅಡಿಕ್ಷನ್ ಸೆಂಟರ್, "ಮಕ್ಕಳನ್ನು ಸರಿಮಾಡಿ ಕೊಡುತ್ತೇವೆ" ಎನ್ನುವ ಹಾಸ್ಟೆಲ್‌ಗಳು. ಒಳ್ಳೆಯವೂ ಇವೆ. ಆದರೆ ಕೆಲವರು ಫೋನಿನಲ್ಲೇ ಹೇಳಿಬಿಡುತ್ತಾರೆ: "ನೀವು ಅಡ್ರೆಸ್ ಕಳಿಸಿ, ನಮ್ಮ ಹುಡುಗರೇ ಗಾಡಿ ತಗೊಂಡು ಬಂದು ಎತ್ತಾಕ್ಕೊಂಡು ಹೋಗ್ತಾರೆ. ಮೂರು ತಿಂಗಳು ನೀವು ನೋಡೋಕೆ ಬರೋ ಹಾಗಿಲ್ಲ." ಹದಿನೈದು ವರ್ಷದ ಹುಡುಗನ ವಿಷಯದಲ್ಲಿ ಈ ಒಂದು ಮಾತು ಸಾಕು, ಫೋನ್ ಇಡಿ. ಪೋಷಕರು ಜೊತೆಗಿರಬಾರದು ಅನ್ನುವವರು ಕಾನೂನಿನ ತಲೆ ಮೇಲೆಯೇ ಕಾಲಿಟ್ಟಿದ್ದಾರೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮನೋವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ, ಮಕ್ಕಳಿಗೆ ದೊಡ್ಡವರಿಂದ ಬೇರೆ ಜಾಗ ಇದೆಯಾ ಅಂತ ಕೇಳಿ. ಒಳಗೆ ಹೋಗಿ ಮಲಗುವ ಕೋಣೆ, ಶೌಚಾಲಯ ಎರಡೂ ನೋಡಿ. ತಲೆ ಬೋಳಿಸುವುದು, ಸರಪಳಿ ಹಾಕುವುದು, ಕತ್ತಲೆ ಕೋಣೆಯಲ್ಲಿ ಒಬ್ಬರನ್ನೇ ಕೂಡಿಹಾಕುವುದು, ಮೂರೂ ನಿಷಿದ್ಧ. ಕೈಕಾಲು ಕಟ್ಟುವುದು ಸಹ ಬೇರೆ ದಾರಿಯೇ ಇಲ್ಲದ ತಕ್ಷಣದ ಅಪಾಯದಲ್ಲಿ, ಮನೋವೈದ್ಯರ ಒಪ್ಪಿಗೆಯಿಂದ, ಸ್ವಲ್ಪ ಹೊತ್ತು ಮಾತ್ರ. ಅದನ್ನೂ 24 ಗಂಟೆಯೊಳಗೆ ನಿಮಗೆ ತಿಳಿಸಬೇಕು.

ಮಗುವಿಗೆ ಹೇಗೆ ಹೇಳೋದು

ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. "ಅಜ್ಜಿ ಮನೆಗೆ ಹೋಗ್ತಿದ್ದೀವಿ", "ಬರೀ ಬ್ಲಡ್ ಟೆಸ್ಟ್" ಅಂತ ಹೇಳಿ ಕಾರು ಹತ್ತಿಸಿದರೆ ಗೇಟಿನ ಹತ್ತಿರ ಗೊತ್ತಾಗಿಯೇ ಆಗುತ್ತದೆ, ಆಮೇಲೆ ನೀವು ಹೇಳುವ ಯಾವ ಮಾತನ್ನೂ ಆ ಮಗು ನಂಬುವುದಿಲ್ಲ, ಮಾತ್ರೆಯ ವಿಷಯವನ್ನೂ ಸೇರಿಸಿ.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. "ಸುಮ್ನಿರ್ತೀಯೋ ನಿಮ್ಹಾನ್ಸ್‌ಗೆ ಹಾಕ್ಲೋ", "ನಿನ್ನ ಧಾರವಾಡಕ್ಕೆ ಕಳಸ್ತೀನಿ ನೋಡು" ಅಂತ ಮಕ್ಕಳನ್ನು ಹೆದರಿಸುವ ಅಭ್ಯಾಸ. ಚಿಕ್ಕಂದಿನಿಂದ ಇದನ್ನೇ ಕೇಳಿ ಬೆಳೆದ ಮಗುವಿಗೆ ನಿಜವಾಗಿ ಆ ದಿನ ಬಂದಾಗ ಅದು ಆಸ್ಪತ್ರೆ ಅನ್ನಿಸುವುದೇ ಇಲ್ಲ, ಶಿಕ್ಷೆ ಅನ್ನಿಸುತ್ತದೆ. ಇಂದಿನಿಂದಲೇ ಅದನ್ನು ಬಿಡಿ.

ಹೀಗೆ ಹೇಳಬಹುದು: "ನಿನಗೆ ತುಂಬಾ ಕಷ್ಟ ಆಗ್ತಿದೆ ಅಂತ ಕಾಣಿಸ್ತಿದೆ. ನಮ್ಮ ಕೈಯಲ್ಲಿ ಮನೇಲಿ ಸರಿಮಾಡೋಕೆ ಆಗ್ತಿಲ್ಲ. ಸ್ವಲ್ಪ ದಿನ ಆಸ್ಪತ್ರೇಲಿ ಇರೋಣ, ನಾನೂ ಅಲ್ಲೇ ಮಲಗ್ತೀನಿ." ಕೊನೆಯ ವಾಕ್ಯಕ್ಕೆ ಬೆಲೆ ಜಾಸ್ತಿ. ಎಷ್ಟು ದಿನ ಅಂತ ಕೇಳಿದರೆ ಗೊತ್ತಿಲ್ಲ ಅಂತಲೇ ಹೇಳಿ. ಮೈಮೇಲೆ ಎಚ್ಚರವಿಲ್ಲದಷ್ಟು ಕೆರಳಿದ್ದರೆ ಇದ್ಯಾವುದೂ ನಡೆಯಲ್ಲ, ಆಗ ಒಬ್ಬರೇ ಸಾಹಸ ಮಾಡದೆ ಆಸ್ಪತ್ರೆಗೋ 108ಕ್ಕೋ ಫೋನ್ ಮಾಡಿ.

ಬ್ಯಾಗಿನಲ್ಲಿ ಏನಿರಬೇಕು

ಆಧಾರ್, ರೇಷನ್ ಕಾರ್ಡ್, ಹಳೇ ಚೀಟಿಗಳೆಲ್ಲ, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಸಮೇತ. ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನೂ ತೋರಿಸಿ, ಬೈಯಲ್ಲ. ಅಪ್ಪ ಅಮ್ಮ ಬೇರೆಯಾಗಿದ್ದರೆ ಮಗು ಯಾರ ಸುಪರ್ದಿಯಲ್ಲಿದೆ ಎಂಬ ಕೋರ್ಟ್ ಆದೇಶ ಬೇಕಾಗುತ್ತದೆ, ಏಕೆಂದರೆ ಸಹಿ ಹಾಕುವ ಹಕ್ಕು ಕಾನೂನುಬದ್ಧ ಪೋಷಕರದ್ದು. ಚಿಕ್ಕಮ್ಮ ಜೊತೆಗೆ ಉಳಿಯಬಹುದು, ಸಹಿ ಅವಳದ್ದು ನಡೆಯಲ್ಲ.

ಸೇರಿದ ದಿನ ಸಿಸ್ಟರ್ ಬ್ಯಾಗ್ ಪೂರ್ತಿ ಬಿಚ್ಚಿ ಮಂಚದ ಮೇಲೆ ಸುರಿದು ಒಂದೊಂದಾಗಿ ನೋಡುತ್ತಾರೆ. ನಮ್ಮ ಬ್ಯಾಗಿನಿಂದ ಚಾರ್ಜರ್ ವೈರ್ ತೆಗೆದರು, ದುಪ್ಪಟ್ಟಾ ತೆಗೆದರು, ಕಂಪಾಸ್ ಬಾಕ್ಸಿನಿಂದ ಕೈವಾರ ಮತ್ತು ಶಾರ್ಪ್‌ನರ್ ತೆಗೆದರು, ಗಾಜಿನ ಬಳೆ ಬಿಚ್ಚಿಸಿದರು, ಪೈಜಾಮದ ಲಾಡಿಯನ್ನು ಹಿಂದಿನಿಂದ ಎಳೆದು ಸುತ್ತಿ ನನ್ನ ಕೈಗೆ ಕೊಟ್ಟು "ಎಲಾಸ್ಟಿಕ್ ಇರೋದು ತಂದಿಲ್ವಾ ಅಮ್ಮ" ಅಂದರು. ನನ್ನ ಸೀರೆ ಪಿನ್ನುಗಳನ್ನೂ ಬಿಡಲಿಲ್ಲ. ಆಗ ಅವಮಾನ ಅನ್ನಿಸಿತು, ನಿಜ. ಪಕ್ಕದ ಮಂಚದ ಹುಡುಗಿಯ ತೋಳು ನೋಡಿದ ಮೇಲೆ ಯಾಕೆಂದು ಅರ್ಥವಾಯಿತು. ಆದ್ದರಿಂದ ಎಲಾಸ್ಟಿಕ್ ಪ್ಯಾಂಟು, ಬಟನ್ ಇಲ್ಲದ ಟೀ ಶರ್ಟು, ಸ್ಟೀಲ್ ಬದಲು ಪ್ಲಾಸ್ಟಿಕ್ ಲೋಟ ತಟ್ಟೆ, ಶಾಂಪೂ ಚಿಕ್ಕ ಸ್ಯಾಶೆಗಳು, ಚಿತ್ರ ಬಿಡಿಸುವ ಪುಸ್ತಕ, ಕ್ರೇಯಾನು, ಕೇರಂ ಇಲ್ಲದಿದ್ದರೆ ಇಸ್ಪೀಟು ತಗೊಂಡು ಹೋಗಿ. ವಾರ್ಡಿನಲ್ಲಿ ಮಧ್ಯಾಹ್ನ ಮೂರರಿಂದ ಐದು ಗಂಟೆ ಕಳೆಯುವುದೇ ಇಲ್ಲ. ಮಗುವಿನ ಮೊಬೈಲ್ ಬಗ್ಗೆ ಒಂದೊಂದು ವಾರ್ಡಿನಲ್ಲಿ ಒಂದೊಂದು ನಿಯಮ, ಮನೆಯಿಂದ ಹೊರಡುವ ಮೊದಲೇ ಕೇಳಿ ಮಗುವಿಗೆ ಹೇಳಿಬಿಡಿ.

ಡಾಕ್ಟರ ಮುಂದೆ

ಒಂದೇ ಕಥೆಯನ್ನು ಜೂನಿಯರ್ ಡಾಕ್ಟರು, ಸೀನಿಯರ್ ಡಾಕ್ಟರು, ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್ ಎಲ್ಲರೂ ಕೇಳುತ್ತಾರೆ. ರೇಗಬೇಡಿ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಹೇಗಿದ್ದ, ನಿದ್ದೆ ಊಟ ಹೇಗಿದೆ, ಶಾಲೆಯಲ್ಲಿ ಏನಾಯಿತು, ಹಿಂದೆ ಯಾವ ಮಾತ್ರೆ ಕೊಟ್ಟಾಗ ಏನಾಯಿತು, ವಂಶದಲ್ಲಿ ಯಾರಿಗಾದರೂ ಇತ್ತಾ. ಕೊನೆಯದನ್ನು ಮುಚ್ಚಿಡುವವರೇ ಹೆಚ್ಚು. ಅಜ್ಜ ಬಾವಿಗೆ ಹಾರಿದ್ದು, ಸೋದರಮಾವ "ಸ್ವಲ್ಪ ಹಾಗೇ" ಇದ್ದದ್ದು, ಅಪ್ಪ ಕುಡಿಯುವುದು, ಇದೆಲ್ಲ ಔಷಧಿ ಆರಿಸುವುದರ ಮೇಲೂ ಪರಿಣಾಮ ಬೀರುತ್ತದೆ.

ಮಗುವನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಹೊರಗೆ ಬಂದ ಮೇಲೆ "ಏನು ಹೇಳಿದೆ? ನಮ್ಮ ಬಗ್ಗೆ ಹೇಳಿದ್ಯಾ?" ಅಂತ ಗಂಟು ಬೀಳಬೇಡಿ. ಜೀವಕ್ಕೆ ಅಪಾಯ ಇರುವ ವಿಷಯವನ್ನು ಡಾಕ್ಟರು ನಿಮಗೆ ಹೇಳಿಯೇ ಹೇಳುತ್ತಾರೆ, ಉಳಿದದ್ದು ಮಗುವಿನದು. ಇನ್ನೊಂದು ಮಾತು, ಲೈಂಗಿಕ ದೌರ್ಜನ್ಯ ಆಗಿದೆ ಎಂದು ಮಗು ಹೇಳಿದರೆ ಪೋಕ್ಸೊ ಕಾಯ್ದೆಯಡಿ ವೈದ್ಯರು ಅದನ್ನು ವರದಿ ಮಾಡಲೇಬೇಕು. "ಮನೆ ಮರ್ಯಾದೆ, ಬಿಟ್ಟುಬಿಡಿ ಡಾಕ್ಟ್ರೇ" ಅಂತ ಕಾಲಿಗೆ ಬಿದ್ದರೂ ಅವರ ಕೈಯಲ್ಲಿಲ್ಲ. ಮುಂದಿನ ದಾರಿ ಸೋಶಿಯಲ್ ವರ್ಕರ್ ಹೇಳಿಕೊಡುತ್ತಾರೆ, ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಮಾತ್ರೆ ಶುರು ಮಾಡುವಾಗ ಹೆಸರು, ಯಾಕೆ, ಯಾವಾಗ ಕೆಲಸ ಮಾಡಲು ಶುರು ಮಾಡುತ್ತೆ, ಏನು ತೊಂದರೆ ಕೊಡಬಹುದು, ಈ ನಾಲ್ಕನ್ನೂ ಕೇಳಿ. ನಿಮ್ಮ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಇಲ್ಲ, ಹಾಗಾಗಿ ಕೇಳುವುದು ಅಧಿಕಪ್ರಸಂಗ ಅಲ್ಲ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಹದಿಹರೆಯದವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಜಾಸ್ತಿಯಾಗಬಹುದು, ಅದಕ್ಕೇ ಆಗ ಕಣ್ಣಿಟ್ಟಿರಬೇಕು. ಮನೋವಿಕೃತಿಗೆ, ಅಂದರೆ ಇಲ್ಲದ ದನಿ ಕೇಳಿಸುವಂಥ ಕಾಯಿಲೆಗೆ, ಕೊಡುವ ಕೆಲವು ಮಾತ್ರೆಗಳಿಂದ ವಿಪರೀತ ಹಸಿವಾಗಿ ತೂಕ ಏರುತ್ತದೆ. ಮನಸ್ಸಿನ ವಿಪರೀತ ಏರುಪೇರಿಗೆ ಕೊಡುವ ಲಿಥಿಯಂ ಮಾತ್ರೆ ಕೊಟ್ಟರೆ ಆಗಾಗ ರಕ್ತ ಪರೀಕ್ಷೆ ಕಡ್ಡಾಯ. ಸಿನಿಮಾ ನೋಡಿ ಎಲ್ಲರೂ ಹೆದರುವ ಕರೆಂಟ್ ಚಿಕಿತ್ಸೆ, ಅದೇ ಇಸಿಟಿ, 18ರ ಒಳಗಿನವರಿಗೆ ಸುಮ್ಮನೆ ಕೊಡುವಂತಿಲ್ಲ. ಪೋಷಕರ ಒಪ್ಪಿಗೆಯ ಮೇಲೆ, ರೋಗಿಗಳ ಹಕ್ಕು ಕಾಯಲು ಇದೇ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಮೊದಲೇ ಬೇಕು. ಅನಸ್ತೇಷಿಯಾ ಇಲ್ಲದೆ ಕೊಡುವುದು ಯಾರಿಗೂ ನಿಷಿದ್ಧ.

ವಾರ್ಡಿನ ದಿನಗಳು

ಜೊತೆಗೆ ಉಳಿಯುವವರ ಕೆಲಸ ಕಾವಲು ಕಾಯುವುದಷ್ಟೇ ಅಲ್ಲ. ಚಿಕಿತ್ಸೆಯ ಅರ್ಧ ಭಾಗ ನಿಮಗೇ. ಮಗುವಿಗೆ ಸಿಟ್ಟು ಬಂದಾಗ ಏನೇನಾಯಿತು ಅಂತ ಮೂರು ಕಾಲಂ ಮಾಡಿ ಬರೆದುಕೊಳ್ಳಲು ಹೇಳುತ್ತಾರೆ: ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವು ಏನು ಮಾಡಿದಿರಿ. ಬರೆಯುತ್ತಾ ಹೋದಂತೆ ಮೂರನೆಯ ಕಾಲಂ ನೋಡಿ ನಿಮಗೇ ಮುಜುಗರವಾಗುತ್ತದೆ. ನಮ್ಮ ಮನೆಯಲ್ಲಿ ಅವಳು ಕಿರುಚಿದಾಗಲೆಲ್ಲ ಮೊಬೈಲ್ ವಾಪಸ್ ಸಿಗುತ್ತಿತ್ತು, ಶಾಂತವಾಗಿ ಕೇಳಿದಾಗ ಸಿಗುತ್ತಿರಲಿಲ್ಲ. ಇದು ಕಾಣಿಸಿದ್ದು ಆ ಹಾಳೆಯಲ್ಲೇ.

ರಾತ್ರಿ ಮಾತ್ರೆ ಕೊಟ್ಟ ಮೇಲೆ ಸಿಸ್ಟರ್ ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತಾರೆ. ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳುವ ಮಕ್ಕಳಿದ್ದಾರೆ, ಕೂಡಿಡುವವರೂ ಇದ್ದಾರೆ. ಇದನ್ನು ಕಲಿತುಕೊಳ್ಳಿ, ಮನೆಯಲ್ಲಿ ನೀವೇ ಮಾಡಬೇಕಾಗುತ್ತದೆ.

ಅಪ್ಪ ಬರೀ ಬಿಲ್ ಕಟ್ಟಿ ಹೋಗುವವರಾಗಬಾರದು. ಫ್ಯಾಮಿಲಿ ಸೆಷನ್ ಇರುವ ದಿನ ಬಂದು ಕೂರಬೇಕು, ಸಾಧ್ಯವಾದರೆ ಅಜ್ಜಿಯೂ. ಅಮ್ಮ ಒಂದು ಹೇಳಿ ಅಜ್ಜಿ ಇನ್ನೊಂದು ಮಾಡುವ ಮನೆಯಲ್ಲಿ ಡಾಕ್ಟರು ಹೇಳಿದ ಯಾವುದೂ ನಿಲ್ಲುವುದಿಲ್ಲ. ಜೊತೆಗೆ ಉಳಿದವರಿಗೆ ನಾಲ್ಕೈದು ದಿನಕ್ಕೊಮ್ಮೆ ಬದಲಿ ಬೇಕು. ನಿದ್ದೆಗೆಟ್ಟು, ಹೊರಗಿನ ಇಡ್ಲಿ ತಿಂದುಕೊಂಡು, ಬೆಂಚಿನ ಮೇಲೆ ಮಲಗಿ ಎರಡನೇ ವಾರದಲ್ಲಿ ಮಗುವಿನ ಮೇಲೆಯೇ ರೇಗುವ ತಾಯಂದಿರನ್ನು ನೋಡಿದ್ದೇನೆ, ಅವರ ತಪ್ಪಲ್ಲ ಅದು.

ಮಧ್ಯೆ "ಇವತ್ತೇ ಕರ್ಕೊಂಡು ಹೋಗಿ" ಅಂತ ಮಗು ಅಳುತ್ತದೆ. ನೀವು ಡಿಸ್ಚಾರ್ಜ್ ಕೇಳಿದರೆ ಬಿಡಬೇಕು ಎಂದೇ ಕಾನೂನಿದೆ. ಆದರೆ ಆ ಹಕ್ಕನ್ನು ರಾತ್ರಿ ಹತ್ತು ಗಂಟೆಗೆ ಬಳಸಬೇಡಿ, ಬೆಳಗ್ಗೆ ರೌಂಡ್ಸಿನಲ್ಲಿ ಡಾಕ್ಟರ ಹತ್ತಿರ ಮಾತಾಡಿ ನಿರ್ಧರಿಸಿ. ಸೇರಿಸಿದ 72 ಗಂಟೆಯೊಳಗೆ ಆಸ್ಪತ್ರೆಯವರು ಪರಿಶೀಲನಾ ಮಂಡಳಿಗೆ ತಿಳಿಸಿರುತ್ತಾರೆ. 30 ದಿನ ದಾಟಿದರೆ ಮಂಡಳಿಯೇ ಪರಿಶೀಲಿಸಬೇಕು. ಮಂಡಳಿಯಿಂದ ಯಾರಾದರೂ ಬಂದು ಮಗುವನ್ನು ಮಾತಾಡಿಸಿದರೆ ಗಾಬರಿ ಬೇಡ.

ದುಡ್ಡಿನ ವಿಷಯ ಚಿಕ್ಕದಾಗಿ: ಸರ್ಕಾರಿ ಜಾಗಗಳಲ್ಲಿ ಬಿಪಿಎಲ್ ಕಾರ್ಡ್ ತೋರಿಸಿ, ರಿಯಾಯಿತಿ ಎಷ್ಟು ಅಂತ ಸೋಶಿಯಲ್ ವರ್ಕರ್ ಹೇಳುತ್ತಾರೆ. ಆರೋಗ್ಯ ವಿಮೆ ಇದ್ದರೆ ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಕೊಡಬೇಕೆಂದು ಇದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. "ಇದಕ್ಕೆ ಬರಲ್ಲ" ಅಂದರೆ ಬರಹದಲ್ಲಿ ಕೊಡಿ ಅನ್ನಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆಯ್ತು ಅಂದರೆ ವಾಸಿಯಾಯ್ತು ಅಂತಲ್ಲ. ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರಗಳಲ್ಲೇ. ಹಾಗಾಗಿ ಮಗು ಮನೆಗೆ ಕಾಲಿಡುವ ಮೊದಲೇ ಯಾರಾದರೂ ಹೋಗಿ ಮನೆ ಸರಿಮಾಡಿರಬೇಕು. ತೋಟಕ್ಕೆ ತಂದ ಕೀಟನಾಶಕ, ಇಲಿ ಪಾಷಾಣ ಮನೆಯಲ್ಲಿ ಬೇಡವೇ ಬೇಡ, ಪಂಪ್‌ಹೌಸಿನಲ್ಲಿ ಬೀಗ ಹಾಕಿಡಿ ಅಥವಾ ಪಕ್ಕದ ತೋಟದವರಲ್ಲಿ ಇಡಿ. ಅಜ್ಜನ ಬಿಪಿ ಶುಗರ್ ಮಾತ್ರೆ, ಮಗುವಿನದೇ ಮಾತ್ರೆ, ಎಲ್ಲ ಬೀರುವಿನಲ್ಲಿ, ಬೀಗದಕೈ ನಿಮ್ಮ ಸೊಂಟದಲ್ಲಿ. ಬಾತ್‌ರೂಮಿನ ಒಳಚಿಲಕ ಹೊರಗಿನಿಂದ ತೆಗೆಯುವಂತಿರಲಿ. ಸಾಯುವ ಬಗ್ಗೆ ಕೇಳಿದರೆ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅನ್ನುವುದು ಸುಳ್ಳು. ನೇರವಾಗಿ ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರಿಗೋ 14416ಕ್ಕೋ ಆಗಲೇ ಫೋನ್ ಮಾಡಿ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚೆನ್ನಾಗಿದ್ದಾಳಲ್ಲ ಇನ್ನು ಯಾಕೆ ಅಂತ ಹೇಳುವ ನೆಂಟರು ಇದ್ದೇ ಇರುತ್ತಾರೆ. ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗಬೇಕೆನಿಸಿದರೆ ಹೋಗಿ, ಆದರೆ ಮಾತ್ರೆ ಡಬ್ಬಿ ಜೊತೆಗಿರಲಿ.

ಶಾಲೆಗೆ ಪೂರ್ತಿ ಡಿಸ್ಚಾರ್ಜ್ ಸಮರಿ ಕೊಡಬೇಕಿಲ್ಲ. ಇಂತಿಂಥ ದಿನ ಆಸ್ಪತ್ರೆಯಲ್ಲಿದ್ದರು, ಈಗ ಶಾಲೆಗೆ ಬರಬಹುದು ಎಂಬ ಸರ್ಟಿಫಿಕೇಟ್ ಸಾಕು, ಕಾಯಿಲೆಯ ಹೆಸರಿಲ್ಲದೆ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಹಾಜರಾತಿ ಬಗ್ಗೆ ಮುಖ್ಯ ಶಿಕ್ಷಕರ ಹತ್ತಿರ ಬೇಗ ಮಾತಾಡಿ. ನಂಬಿಕೆಯಿರುವ ಒಬ್ಬ ಮೇಷ್ಟ್ರಿಗೋ ಮೇಡಂಗೋ ಮಾತ್ರ ನಿಜ ಹೇಳಿ. ಮೊದಲ ವಾರ ಅರ್ಧ ದಿನ ಕಳಿಸಿದರೆ ಸಾಕು. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಅಂತ ಬಂದ ಮೇಲೆ ಒಂದು ತಪ್ಪಿದರೆ ಇಡೀ ವರ್ಷವೇ ಹೋಯಿತು ಅನ್ನುವ ಸ್ಥಿತಿ ಇಲ್ಲ. ಇದನ್ನು ಮಗುವಿಗೂ ಹೇಳಿ. ನೆಂಟರಿಗೆ ಏನು ಹೇಳಬೇಕು ಅನ್ನುವುದನ್ನು ಮಗುವನ್ನೇ ಕೇಳಿ ಎಲ್ಲರೂ ಒಂದೇ ಮಾತು ಹೇಳಿ. "ಹುಷಾರಿರಲಿಲ್ಲ, ಈಗ ಪರವಾಗಿಲ್ಲ" ಅಂದರೆ ಮುಗಿಯಿತು, ಟೈಫಾಯ್ಡ್ ಅಂತ ಕಥೆ ಕಟ್ಟಿದರೆ ಮುಂದಿನ ಮದುವೆ ಮನೆಯಲ್ಲಿ ಅದನ್ನೇ ಮತ್ತೆ ಹೇಳಬೇಕು.

ಹದಿನೇಳು ದಾಟಿದ ಮಕ್ಕಳ ಮನೆಯವರು ಇನ್ನೊಂದು ತಿಳಿದಿರಲಿ. 18 ತುಂಬಿದ ದಿನ, ವಾರ್ಡಿನಲ್ಲಿದ್ದರೂ ಸರಿ, ಅವರು ಸ್ವತಂತ್ರ ರೋಗಿ. ಒಪ್ಪಿಗೆಯ ಸಹಿ ಅವರದ್ದೇ, ಅವರನ್ನು ಕೇಳದೆ ಫೈಲಿನ ವಿಷಯ ನಿಮಗೆ ಹೇಳುವಂತಿಲ್ಲ. ಮುಂದೆ ಮತ್ತೆ ಹುಷಾರು ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಆಗ ಅವರೇ ಬರೆದಿಡಬಹುದು. ಫಾಲೋ ಅಪ್‌ಗೆ ಹೋದಾಗ ಅದರ ಬಗ್ಗೆ ಡಾಕ್ಟರನ್ನು ಕೇಳಿ, ಕೇಳುವಾಗ ಮಗುವೂ ಆ ಕೋಣೆಯಲ್ಲಿರಲಿ.